ಲೀಡ್ ಎಲ್ಲಾರಿಗೂ ಬೇಕು, ರಿದಮ್ ಯಾರಿಗಿ?

ಕಲಬುರಗಿದಾಗ ನನ್ನ ಹತ್ರ ಗಿಟಾರ್ ಕಲಿಲಾಕ ಬರೋ ಹುಡುಗರಿಗಿ ಮೊದಲನೇ ವಾರದಾಗೇ ಲೀಡ್ ಬೇಕ್ರಿ, ಅಂದ್ರ ಒಂದೊಂದೇ ಸ್ವರ ಹಿಡಿದು ಮುಂದ ನಿಂತು ಬಾರಿಸೋದು. ರಿದಮ್, ಅಂದ್ರ ಕಾರ್ಡ್ (ಕೂಡಿ ನುಡಿಸೋ ಸ್ವರಗಳು) ತಾಳಕ್ಕ ಬಾರಿಸೋದು, ಅದು ಲೀಡ್ ಬರಲಾರದವ್ರ ಕೆಲಸ ಅಂತ ತಲ್ಯಾಗ ಕುಂತದ. ಅಂಥವ್ರಿಗಿ ನಾ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ರಿದಮ್ ಗಿಟಾರಿಸ್ಟ್ ಮಾಲ್ಕಮ್ ಯಂಗ್‌ನ ಕೇಳಸ್ತೀನಿ. ಸಾಲಿ ಯೂನಿಫಾರ್ಮ್ ಹಾಕೊಂಡು ಸ್ಟೇಜ್ ತುಂಬ ಕುಣಿಯೋ ಲೀಡ್ ಗಿಟಾರಿಸ್ಟ್ ಆಂಗಸ್ ಗೊತ್ತು, ಹಿಂದ ನಿಂತು ಬ್ಯಾಂಡ್ ನಡಸ್ತಿದ್ದ ಅವನ ಅಣ್ಣ ಯಾರಂದ್ರ ಮಕ ಮಕ ನೋಡ್ತಾರ.

ಮಾಲ್ಕಮ್ 1953ರಾಗ ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ ಹುಟ್ಟಿದವ, 1963ರಾಗ ಮನಿ ಮಂದಿ ಸಿಡ್ನಿಗಿ ಹೋದ್ರು, 1973ರಾಗ ಅಣ್ಣತಮ್ಮ ಕೂಡಿ ಬ್ಯಾಂಡ್ ಕಟ್ಟಿದ್ರು. ಇರ್ಲಿ, ನನಗ ಬೇಕಾಗಿದ್ದು ಅವನ ಗಿಟಾರು. ಒಂದು ಹಳೇ ಗ್ರೆಚ್ ಕಂಪನಿದು, ಅದ್ರಾಗ ಬ್ರಿಡ್ಜ್ ಕಡಿ ಪಿಕಪ್ (ಸ್ಟ್ರಿಂಗಿನ ದನಿ ಹಿಡಿಯೋ ಭಾಗ) ಒಂದೇ ಬಿಟ್ಟು ಉಳಿದದ್ದು ಕಿತ್ತಿ ತಗದಿದ್ದ, ಸ್ಟ್ರಿಂಗ್ ದಪ್ಪಂದು, ಮಾರ್ಷಲ್ ಆ್ಯಂಪಿನ ಗೇನ್, ಅಂದ್ರ ದನಿ ಒಡೆಯೋ ಹಂಗ ಏರಿಸೋ ಗುಂಡಿ, ಕಮ್ಮಿ. ನಮ್ ಹುಡುಗರದ್ದು ಪೂರಾ ಉಲ್ಟಾ, ತೆಳ್ಳಂದು ಸ್ಟ್ರಿಂಗು, ಡಿಸ್ಟಾರ್ಷನ್ (ದನಿ ಒಡೆಯೋದು) ಫುಲ್ಲು, ಮ್ಯಾಲ "ಸರ್, ಹೆವಿ ಬರವಲ್ದು" ಅಂತ ತಕರಾರು ಬ್ಯಾರೆ. ಬರಲ್ರಿ, ಯಾಕಂದ್ರ ಗೇನ್ ಜಾಸ್ತಿ ಆದ್ರ ಆರೂ ಸ್ಟ್ರಿಂಗ್ ಒಂದರಾಗೊಂದು ಕಲಸಿ ಕಾರ್ಡ್ ಯಾವುದು ಅಂತನೇ ತಿಳಿಯಲ್ಲ, ಮೆಲ್ಲಕ ಬಾರಿಸಿದ್ರೂ ಜೋರ್ ಬಾರಿಸಿದ್ರೂ ಅದೇ ದನಿ. ಗೇನ್ ಇಳಿಸಿದ್ರ ಬಲಗೈ ದುಡೀಬೇಕಾಗ್ತದ.

ಅವರ 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಡು ಕೇಳ್ರಿ. ಮೇನ್ ರಿಫ್‌ನಾಗ (ಮತ್ತ ಮತ್ತ ಬರೋ ಸಣ್ಣ ತುಣುಕಿನಾಗ) ಇರೋದು ಇ, ಡಿ, ಎ ಕಾರ್ಡ್ ಇಷ್ಟೇ, ನಾಕು ಕ್ಲಾಸಿನ್ಯಾಗ ಕಲಿತಾರ. ಖರೇ ಕೆಲಸ ಇರೋದು ನಿಲ್ಲಸೋದ್ರಾಗ. ಇ ಹೊಡೆದ ಮ್ಯಾಲ ಎಡಗೈ ಬೆರಳು ಸಡಿಲ ಬಿಟ್ಟು, ಬಲಗೈ ಅಂಗೈ ಸ್ಟ್ರಿಂಗ್ ಮ್ಯಾಲ ಇಟ್ಟು ದನಿ ಟಕ್ಕಂತ ಕಡೀಬೇಕು, ಆ ಖಾಲಿ ಜಾಗದಾಗ ಡ್ರಮ್ ಕೇಳಸ್ತದ. ನಮ್ ಕಡಿ ತತ್ವಪದ ಭಜನಿದಾಗ ಹಾಡೋರು ಎಷ್ಟೇ ಮ್ಯಾಲ ಹೋದ್ರೂ ತಾಳ ಹಿಡಿದವ ಅಳ್ಳಾಡಲ್ಲಲ್ಲ, ಮಾಲ್ಕಮ್ ಹಂಗ.

ಕಡಿಗಿ ಮರೆವಿನ ರೋಗ ಬಂತು. ತಾನೇ ಕಟ್ಟಿದ ರಿಫ್ ಶೋಕ್ಕಿಂತ ಮೊದಲ ಮತ್ತ ಕಲೀಬೇಕಾಗ್ತಿತ್ತು. 2014ರಾಗ ಬ್ಯಾಂಡ್ ಬಿಟ್ಟ, ಆ ಜಾಗಕ್ಕ ಅವನ ಅಣ್ಣನ ಮಗ ಸ್ಟೀವಿ ಬಂದ. 2017ರ ನವೆಂಬರ್‌ದಾಗ ತೀರ್ಕೊಂಡ, 64 ವಯಸ್ಸು. ಆದ್ರೂ 2020ರ 'ಪವರ್ ಅಪ್' ಆಲ್ಬಮ್ಮಿನ ಅಷ್ಟೂ ಹಾಡಿಗಿ ಆಂಗಸ್ ಜತಿ ಅವನ ಹೆಸರೂ ಅದಾ, ಕೂಡಿಟ್ಟ ರಿಫ್ ಅಷ್ಟಿದ್ವು.

ಇವತ್ತ ಸಂಜಿಗಿ ಗೇನ್ ಅರ್ಧಕ್ಕಿಂತ ಕೆಳಗ ಇಳಿಸಿ ಆ ಮೂರು ಕಾರ್ಡ್ ಬಾರಿಸಿ ನೋಡ್ರಿ, ಲೀಡ್ ಮುಂದಿನ ತಿಂಗಳು ನೋಡಮು.