ಚೆಂಡೆಯ ಸದ್ದು ಕಿವಿ ಚುಚ್ಚಿದರೆ ಮೊದಲು ಕೋಣೆ ನೋಡಿ

ಕುಂಬಳೆ, ಬದಿಯಡ್ಕದ ಕಡೆ ಹಳೆಯ ಹಂಚಿನ ಮನೆ ಬಿಟ್ಟು ತಾರಸಿ ಮನೆಗೆ ಬಂದವರು ಗಮನಿಸಿರಬಹುದು: ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ಆದರೆ ಯಕ್ಷಗಾನ ಹಾಕಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ತಲೆ ಭಾರ. ಚಕ್ರತಾಳ, ಜಾಗಟೆ ಕಿವಿಗೆ ಇರಿಯುತ್ತವೆ. ಕೂಡಲೇ ಸ್ಪೀಕರ್ ಬದಲಿಸಲು ಹೊರಡಬೇಡಿ. ಅದೇ ಪದವನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. ಅಲ್ಲಿ ಹಿತವಾಗಿದ್ದರೆ ಧ್ವನಿಮುದ್ರಣದ ತಪ್ಪಲ್ಲ. ಮೊದಲು ಸಂಶಯಪಡಬೇಕಾದದ್ದು ಕೋಣೆಯನ್ನು.

ಹಂಚಿನ ಮಾಡಿನಡಿ ಪಕಾಸು, ರೀಪುಗಳಿಗೆ ತಾಗಿ ಸದ್ದು ಚದುರುತ್ತಿತ್ತು, ಸಂದುಗಳಿಂದ ಹೊರಗೂ ಹೋಗುತ್ತಿತ್ತು. ಕಾಂಕ್ರೀಟು, ಟೈಲ್ಸು, ಗಾಜು ಹಾಗಲ್ಲ. ಬಿದ್ದದ್ದನ್ನೆಲ್ಲ ವಾಪಸ್ ಕಳಿಸುತ್ತವೆ. ಇದನ್ನು ಲೆಕ್ಕ ಹಾಕಲು ಅಮೆರಿಕದ ವ್ಯಾಲೇಸ್ ಸಬೈನ್ ಕೊಟ್ಟ ಸೂತ್ರವಿದೆ: ಅನುರಣನ ಕಾಲ = 0.161 × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ (ಮೇಲ್ಮೈಯ ವಿಸ್ತೀರ್ಣ × ಅದು ಹೀರುವ ಪಾಲು; ಅಳತೆ ಮೀಟರಿನಲ್ಲಿ). ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ.

5 ಮೀಟರ್ ಉದ್ದ, 4 ಅಗಲ, 3 ಎತ್ತರದ ಖಾಲಿ ಕೋಣೆ ತೆಗೆದುಕೊಳ್ಳಿ. ಗಾತ್ರ 60 ಘನ ಮೀಟರ್. ಗೋಡೆ, ನೆಲ, ಮಾಡು ಸೇರಿ 94 ಚದರ ಮೀಟರ್. ಗಟ್ಟಿ ಮೇಲ್ಮೈ ನೂರಕ್ಕೆ ಎರಡರಷ್ಟು ಹೀರುತ್ತದೆ ಎಂದರೆ ಒಟ್ಟು ಹೀರಿಕೆ 1.88. ಅನುರಣನ ಕಾಲ ಸುಮಾರು 5 ಸೆಕೆಂಡು! ಮನೆಯ ಕೋಣೆಯಲ್ಲಿ ಸಂಗೀತ ಕೇಳಲು ಹಿತವಾದ ಅರ್ಧ ಸೆಕೆಂಡಿಗೆ ಇಳಿಸಲು ಹೀರಿಕೆ 19ರ ಹತ್ತಿರ ಬೇಕು. ಸೋಫಾ, ಪುಸ್ತಕದ ಕಪಾಟು, ಕುಳಿತ ಜನ ಇದರಲ್ಲಿ ಒಂದು ಪಾಲು ಹೊರುತ್ತಾರೆ. ಪೂಜೆಯ ದಿನ ಜನ ತುಂಬಿದ ಹಾಲ್‌ನಲ್ಲಿ ಅದೇ ಸ್ಪೀಕರ್ ಮೆತ್ತಗೆ ಕೇಳುವುದು ಇದಕ್ಕೇ.

ಇಲ್ಲಿ ಹೆಚ್ಚಿನವರು ಎಡವುವುದು ದಪ್ಪದ ವಿಷಯದಲ್ಲಿ. ನಮ್ಮ ಕಿವಿಯ ನಾಳ ಸುಮಾರು 3,000 ಹರ್ಟ್ಸ್ ಬಳಿಯ ಸದ್ದನ್ನು ತಾನೇ ಹೆಚ್ಚಿಸುವುದರಿಂದ 2,000ದಿಂದ 5,000 ಹರ್ಟ್ಸ್‌ವರೆಗಿನ ಸದ್ದು ನಮಗೆ ಬಹಳ ತೀಕ್ಷ್ಣ. ತೆಳು ಪರದೆ, ತೆಳು ಜಮಖಾನ ಇದಕ್ಕಿಂತ ಮೇಲಿನದ್ದನ್ನೇ ಹೆಚ್ಚಾಗಿ ಹೀರುತ್ತವೆ. ಆಗ ತಾಳದ ಹೊಳಪು ಹೋಗುತ್ತದೆ, ಕರ್ಕಶತೆ ಉಳಿಯುತ್ತದೆ. ಗೋಡೆಯಿಂದ ಅಲೆಯುದ್ದದ ಕಾಲು ಭಾಗದಷ್ಟು ದೂರದಲ್ಲಿ ಗಾಳಿಯ ಚಲನೆ ಅತಿ ಹೆಚ್ಚು. ಹೀರುವ ವಸ್ತು ಅಲ್ಲಿರಬೇಕು. 1,000 ಹರ್ಟ್ಸ್‌ನ ಅಲೆ 34 ಸೆಂಟಿಮೀಟರ್, ಅದರ ಕಾಲು ಭಾಗ ಎಂಟೂವರೆ. ಆದ್ದರಿಂದ 5 ಸೆಂಟಿಮೀಟರ್ ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರು) ಹಲಗೆಯನ್ನು ಗೋಡೆಗೆ ಅಂಟಿಸದೆ, ಹಿಂದೆ ಅಷ್ಟೇ ಸಂದು ಬಿಟ್ಟು ನಿಲ್ಲಿಸುವುದು ಲಾಭ.

ಎಲ್ಲಿ ನಿಲ್ಲಿಸಬೇಕು? ನೀವು ಕೂರುವ ಜಾಗದಲ್ಲೇ ಕೂತಿರಿ. ಮನೆಯವರೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ಎರಡೂ ಗೋಡೆಗಳಲ್ಲಿ ಗುರುತು ಮಾಡಿ, ಮೊದಲು ಅಲ್ಲಿಗೇ ಹಲಗೆ ಇಡಿ. ಸ್ಪೀಕರ್ ಮತ್ತು ನಿಮ್ಮ ನಡುವಿನ ನೆಲಕ್ಕೆ ದಪ್ಪ ಕಂಬಳಿ. ಆಮೇಲೆ ಚಪ್ಪಾಳೆ ತಟ್ಟಿ. ಎದುರುಬದುರು ಗೋಡೆಗಳ ನಡುವೆ ಝಣಝಣ ಓಡುವ ಸದ್ದು ನಿಂತರೆ ಅಲ್ಲಿಗೇ ಸಾಕು. ಇನ್ನೂ ಹೊದಿಸುತ್ತ ಹೋದರೆ ಭಾಗವತರ ಸ್ವರದ ಜೀವವೇ ಹೋಗುತ್ತದೆ.

ನಮ್ಮ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಹಲಗೆಗೆ ಗಾಳಿಯಾಡುವ ಹತ್ತಿ ಬಟ್ಟೆಯನ್ನೇ ಹೊದಿಸಿ. ದಪ್ಪ ಪ್ಲಾಸ್ಟಿಕ್ ಹೊದಿಸಿದರೆ ಸದ್ದು ಮತ್ತೆ ಪುಟಿಯುತ್ತದೆ. ಬುಡ ನೆಲಕ್ಕೆ ತಾಗದಂತೆ ಎತ್ತಿಡಿ, ಆಟಿಯ ಥಂಡಿಗೆ ಬೂಸು ಹಿಡಿಯದಂತೆ ಬಿಸಿಲು ಕಂಡಾಗ ಹೊರಗಿಟ್ಟು ಒಣಗಿಸಿ.