ನಿಂತಿರುವ ರೋಬೋಟ್ ಏನನ್ನು ಕಾಯುತ್ತಿದೆ?

"ಸರ್, ಆಗ ರೋಬೋಟ್ ನಿಂತಿತ್ತು." ಕಾರ್ಖಾನೆಯಲ್ಲಿ ಅವಘಡವೋ, ಕೂದಲೆಳೆಯಲ್ಲಿ ತಪ್ಪಿದ ಅವಘಡವೋ ಆದ ಮೇಲೆ ವಿಚಾರಣೆಗೆ ಕುಳಿತರೆ ನನ್ನ ಕಿವಿಗೆ ಬೀಳುವ ಮೊದಲ ಮಾತು ಇದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ರೋಬೋಟ್ ನಿಜಕ್ಕೂ ನಿಂತಿರುತ್ತದೆ. ಏಕೆ ನಿಂತಿದೆ ಎಂದು ಮಾತ್ರ ಒಳಗೆ ಕಾಲಿಡುವ ಮುನ್ನ ಯಾರೂ ಕೇಳಿಕೊಂಡಿರುವುದಿಲ್ಲ.

ಪೀಣ್ಯ, ಬೊಮ್ಮಸಂದ್ರ, ನರಸಾಪುರ, ಬೆಳಗಾವಿಯ ಉದ್ಯಮಬಾಗ್, ಎಲ್ಲಿಗೆ ತರಬೇತಿ ಕೊಡಲು ಹೋದರೂ ಹೆಲ್ಮೆಟ್, ಶೂಗಳ ಬಗ್ಗೆ ನಾನು ಮಾತಾಡುವುದಿಲ್ಲ. ಅದನ್ನು ಹೇಳಲು ಗೇಟಿನ ಬಳಿಯ ಫಲಕ ಸಾಕು. ನನ್ನ ಹೆಚ್ಚಿನ ಸಮಯ ಹೋಗುವುದು ನಿಂತ ರೋಬೋಟ್ ಆಫ್ ಆಗಿಲ್ಲ ಎಂಬ ಒಂದೇ ಸಂಗತಿಗೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಲೈನಿಗೆ ಹೋದರೆ ಅವರಲ್ಲೇ ಒಬ್ಬರು ರೋಬೋಟ್ ಸುತ್ತಲಿನ ಬೇಲಿಯ ಸಂದಿನಿಂದ ಕೈ ತೂರಿಸಿ ಸಿಕ್ಕಿಕೊಂಡ ಲೋಹದ ಭಾಗವನ್ನು, ಒಂದು ಬ್ರ್ಯಾಕೆಟ್ಟನ್ನು, ಬಿಡಿಸುತ್ತಿರುತ್ತಾರೆ.

ಆದ್ದರಿಂದ ಇನ್ನೊಮ್ಮೆ ವಿವರವಾಗಿಯೇ ಹೇಳುತ್ತೇನೆ. ವೆಲ್ಡಿಂಗ್ ಸೆಲ್‌ನಲ್ಲಿ, ಎಂದರೆ ರೋಬೋಟ್ ತೋಳು ಬೆಸುಗೆ ಹಾಕುವ ಬೇಲಿಯೊಳಗಿನ ಜಾಗದಲ್ಲಿ, ರೋಬೋಟ್ ನಿಲ್ಲಲು ಹತ್ತಾರು ಕಾರಣಗಳಿವೆ. ಒಂದು ಸುತ್ತಿನ ಕೆಲಸ (ಸೈಕಲ್) ಮುಗಿದಿರಬಹುದು. ಪಕ್ಕದ ಯಂತ್ರದ ಬಾಗಿಲು ತೆರೆಯಲಿ ಎಂದು ಕಾಯುತ್ತಿರಬಹುದು. ಪ್ರೋಗ್ರಾಮಿನಲ್ಲೇ ಬರೆದಿಟ್ಟ ವಿರಾಮವಿರಬಹುದು. ಭಾಗವನ್ನು ಹಿಡಿದಿಡುವ ಚೌಕಟ್ಟಿನ (ಫಿಕ್ಸ್ಚರ್) ಮೇಲೆ ಅದು ಸರಿಯಾಗಿ ಕೂತಿಲ್ಲವೆಂದು ಸೆನ್ಸರ್ ತಡೆ ಹಿಡಿದಿರಬಹುದು. ಅಥವಾ ಯಾರೋ ವಿದ್ಯುತ್ತನ್ನೂ ಗಾಳಿಯ ಒತ್ತಡವನ್ನೂ ಕಡಿದು, ಮತ್ತೆ ಯಾರೂ ಆನ್ ಮಾಡದಂತೆ ಬೀಗ ಹಾಕಿರಬಹುದು. ಹೊರಗಿನಿಂದ ನೋಡುವವನಿಗೆ ಇವೆಲ್ಲ ಒಂದೇ ರೀತಿ ಕಾಣುತ್ತವೆ. ಒಳಗೆ ಹೋಗಬಹುದಾದದ್ದು ಕೊನೆಯ ಸ್ಥಿತಿಯಲ್ಲಿ ಮಾತ್ರ.

ಇವುಗಳಲ್ಲಿ ಸೆನ್ಸರ್ ತಡೆ ಹಿಡಿದ ಸಂದರ್ಭವೇ ಅತ್ಯಂತ ಕೆಟ್ಟದ್ದು. ಬ್ರ್ಯಾಕೆಟ್ ಒಂದಿಷ್ಟು ಓರೆಯಾಗಿ ಕೂತಿದೆ. ರೋಬೋಟ್ ಕಾಯುತ್ತಿದೆ. ನೀವು ಒಳಗೆ ಹೋಗಿ ಬ್ರ್ಯಾಕೆಟ್ ನೇರ ಮಾಡುತ್ತೀರಿ. ಆ ಕ್ಷಣ ಸೆನ್ಸರ್‌ನ ಬೆನ್ನಿನ ಮೇಲಿನ ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್‌ಗೆ (ಪಿಎಲ್‌ಸಿ) ಸಂಕೇತ ಹೋಗುತ್ತದೆ, ತೋಳು ಹೊರಡುತ್ತದೆ. ಯಾರೂ ಬಟನ್ ಒತ್ತಲಿಲ್ಲ. ಸ್ಟಾರ್ಟ್ ಕೊಟ್ಟವರು ನೀವೇ, ನಿಮ್ಮ ಬೆರಳು ಇನ್ನೂ ಫಿಕ್ಸ್ಚರ್ ಮೇಲೇ ಇದೆ.

ಹೊಸ ಹುಡುಗರಿಗಿಂತ ಪಳಗಿದವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಲೋಹದ ಹಾಳೆಯನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ ಮೇಲೆ ಇಪ್ಪತ್ತು ವರ್ಷ ದುಡಿದವರ ಮೈಯಲ್ಲಿ ಒಂದು ನಿಯಮ ಇಳಿದಿರುತ್ತದೆ: ಪೆಡಲ್ ತುಳಿಯದೆ ಪ್ರೆಸ್ ಇಳಿಯುವುದಿಲ್ಲ. ಅದೇ ನಂಬಿಕೆಯಲ್ಲಿ ಅವರು ರೋಬೋಟ್ ಬಳಿ ಬರುತ್ತಾರೆ. ಆದರೆ ಇಲ್ಲಿನ ಪೆಡಲ್ ಅವರ ಕಾಲಡಿಯಲ್ಲಿ ಇರುವುದಿಲ್ಲ, ಹತ್ತು ಅಡಿ ಆಚೆಗಿನ ಯಾವುದೋ ಯಂತ್ರದೊಳಗೆ ಇರುತ್ತದೆ. ಇಂಥ ಹಿರಿಯರನ್ನು ಗದರಿಸುವ ಯುವ ಎಂಜಿನಿಯರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಹಿರಿಯರ ಅನುಭವದಲ್ಲಿ ಕೊರತೆಯೇನೂ ಇಲ್ಲ. ಅದು ಬೇರೆ ಯಂತ್ರದ ಅನುಭವ, ಅಷ್ಟೇ.

1984ರ ಜುಲೈನಲ್ಲಿ ಅಮೆರಿಕದ ಮಿಷಿಗನ್‌ನ ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಎರೆಯುವ) ಘಟಕವೊಂದರಲ್ಲಿ ಸತ್ತ ಕಾರ್ಮಿಕನಿಗೆ ಆ ಕೆಲಸದಲ್ಲಿ 15 ವರ್ಷಗಳ ಅನುಭವವಿತ್ತು. ಮೂರು ವಾರಗಳ ಹಿಂದಷ್ಟೇ ಒಂದು ವಾರದ ರೋಬೋಟ್ ತರಬೇತಿಯನ್ನೂ ಮುಗಿಸಿದ್ದ. ನೆಲದ ಮೇಲೆ ಬಿದ್ದ ಲೋಹದ ಚೂರುಗಳನ್ನು ತೆಗೆಯಲು ಒಳಗೆ ಹೋದಂತೆ ಕಾಣುತ್ತದೆ. ಅವನು ಸಿಕ್ಕಿಕೊಂಡದ್ದು ರೋಬೋಟ್‌ನ ಹಿಂಬದಿಗೂ ಒಂದು ಸುರಕ್ಷಾ ಕಂಬಕ್ಕೂ ನಡುವೆ. 2015ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ಜಾರಿದ ಲೋಹದ ಹಾಳೆಯನ್ನು ಸರಿಪಡಿಸಲು ಹೋದ ಯುವಕ ಸತ್ತಾಗಲೂ ಅವನು ಯಂತ್ರದ ಹಿಂದಿನಿಂದ ಕೈ ಚಾಚಿದ್ದನೆಂದು ಆಗ ವರದಿಯಾಗಿತ್ತು. ಎಲ್ಲರ ಕಣ್ಣೂ ಭಾಗವನ್ನು ಹಿಡಿಯುವ ತುದಿಯ, ಅಂದರೆ ಗ್ರಿಪ್ಪರ್ ಮೇಲಿರುತ್ತದೆ. ತೋಳು ಮುಂದೆ ತಿರುಗಿದಾಗ ಬೆನ್ನೂ ತಿರುಗುತ್ತದೆ ಎಂಬುದು ಚಿತ್ರದಲ್ಲಿ ನೋಡಿದರೆ ತಲೆಗೆ ಹೋಗುವುದಿಲ್ಲ.

"ಎರಡು ಗಂಟೆಯ ಪಿಪಿಟಿ ಸಾಕಲ್ಲವೇ, ಹಾಜರಾತಿಗೆ ಸಹಿ ಹಾಕಿಸಿಬಿಡೋಣ" ಎನ್ನುವ ಮಾನವ ಸಂಪನ್ಮೂಲ ವಿಭಾಗದವರ ಜೊತೆ ನನ್ನ ಜಗಳ ಇರುವುದೇ ಇಲ್ಲಿ. ಆ ಮಿಷಿಗನ್ ಕಾರ್ಮಿಕನಿಗೆ ಇದಕ್ಕಿಂತ ಎಷ್ಟೋ ಹೆಚ್ಚು ತರಬೇತಿ ಸಿಕ್ಕಿತ್ತು.

ನಾನು ಮಾಡಿಸುವುದು ಹೀಗೆ. ರೋಬೋಟನ್ನು ಕಡಿಮೆ ವೇಗಕ್ಕಿಳಿಸಿ, ಎಲ್ಲರನ್ನೂ ಬೇಲಿಯ ಹೊರಗೆ ನಿಲ್ಲಿಸುತ್ತೇನೆ. ಫಿಕ್ಸ್ಚರ್ ಪಕ್ಕದಲ್ಲಿ, ಕೈ ಇರಬಹುದಾದ ಜಾಗದಲ್ಲಿ ಒಂದು ಸೋರೆಕಾಯಿ ಇಡುತ್ತೇನೆ. (ಕ್ಯಾಂಟೀನಿನ ಭಟ್ಟರು ಪ್ರತಿ ಸಲವೂ ಗೊಣಗಿಕೊಂಡೇ ಕೊಡುತ್ತಾರೆ.) ರೋಬೋಟ್ ಆನ್ ಆಗಿದೆಯೋ ಆಫ್ ಆಗಿದೆಯೋ ಎಂದು ಒಂದು ಚೀಟಿಯಲ್ಲಿ ಬರೆಯಲು ಹೇಳುತ್ತೇನೆ. ನಂತರ ಒಬ್ಬರಿಗೆ ಉದ್ದನೆಯ ಕೋಲು ಕೊಟ್ಟು, ಹೊರಗಿನಿಂದಲೇ ಓರೆಯಾದ ಬ್ರ್ಯಾಕೆಟ್ ನೇರ ಮಾಡಿಸುತ್ತೇನೆ. ಹಳದಿ ದೀಪ ಹೊತ್ತುತ್ತದೆ. ತೋಳು ಬಂದು ಕಾಯಿಯನ್ನು ಕಬ್ಬಿಣಕ್ಕೆ ಒತ್ತುತ್ತದೆ, ಸಿಪ್ಪೆ ಬಿರಿದು ತಿರುಳು ಫಿಕ್ಸ್ಚರ್ ಮೇಲೆಲ್ಲ ಹರಡುತ್ತದೆ. ಮೊದಲ ಸಾಲಿನಲ್ಲಿದ್ದವರು ತಮ್ಮ ಕೈಗಳನ್ನು ಜೇಬಿಗೆ ಹಾಕಿಕೊಳ್ಳುವುದನ್ನು ನೋಡಿದ್ದೇನೆ.

ಆಮೇಲೆ ಪೆಂಡೆಂಟ್, ಎಂದರೆ ಕೈಯಲ್ಲಿ ಹಿಡಿದು ರೋಬೋಟನ್ನು ನಡೆಸುವ ನಿಯಂತ್ರಕ. ಅದರ ಹಿಂಭಾಗದ ಎನೇಬಲ್ ಸ್ವಿಚ್‌ಗೆ ಮೂರು ಹಂತಗಳು. ನಡುವಿನ ಹಂತದಲ್ಲಿ ಹಿಡಿದಿದ್ದರೆ ಮಾತ್ರ ರೋಬೋಟ್ ಚಲಿಸುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಟ್ಟಿಯಾಗಿ ಅದುಮಿದರೂ ನಿಲ್ಲುತ್ತದೆ. ಗಾಬರಿಯಾದಾಗ ಕೆಲವರು ಕೈ ಸಡಿಲಿಸುತ್ತಾರೆ, ಕೆಲವರು ಬಿಗಿ ಹಿಡಿಯುತ್ತಾರೆ, ಅದಕ್ಕೇ ಈ ಏರ್ಪಾಡು. ಹಿಂದಿನಿಂದ ಒಂದು ಕಬ್ಬಿಣದ ತಟ್ಟೆಯನ್ನು ನೆಲಕ್ಕೆ ಬೀಳಿಸಿ ಯಾರು ಯಾವ ಬಗೆ ಎಂದು ಅವರಿಗೇ ತೋರಿಸುತ್ತೇನೆ. ಹೀಗೆ ಪೆಂಡೆಂಟ್ ಹಿಡಿದು ರೋಬೋಟ್‌ಗೆ ಚಲನೆ ಕಲಿಸುವ ಕ್ರಮದಲ್ಲಿ ವೇಗ ಸೆಕೆಂಡಿಗೆ 250 ಮಿಲಿಮೀಟರ್ ಮೀರುವಂತಿಲ್ಲ. ಕೇಳಲು ನಿಧಾನ. ಬೆಚ್ಚಿಬಿದ್ದು ಕೈ ಬಿಡಲು ಅರ್ಧ ಸೆಕೆಂಡ್ ಹಿಡಿದರೂ ತೋಳು 125 ಮಿಲಿಮೀಟರ್ ಬಂದಿರುತ್ತದೆ. ನಿಮಗೂ ಕಂಬಕ್ಕೂ ನಡುವೆ ಅಷ್ಟು ಜಾಗವಿದೆಯೇ ಎಂದು ಅಲ್ಲಿಯೇ ಅಳೆಸುತ್ತೇನೆ.

ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ರೋಬೋಟ್) ತಂದಿದ್ದೇವೆ, ಬೇಲಿಯೂ ಬೇಡ, ತರಬೇತಿಯೂ ಬೇಡ ಎನ್ನುವವರಿಗೆ ಒಂದೇ ಮಾತು. ತೋಳು ಸೌಮ್ಯವಾಗಿರಬಹುದು, ಅದು ಹಿಡಿದ ಹಾಳೆಯ ಅಂಚು ಸೌಮ್ಯವಲ್ಲ.

ಇನ್ನು ಬೀಗದ ವಿಷಯ. ಒಳಗೆ ಹೋಗುವ ಪ್ರತಿಯೊಬ್ಬರಿಗೂ ಸ್ವಂತ ಬೀಗ, ಕೀಲಿ ಅವರ ಜೇಬಿನಲ್ಲೇ. ಮೆಂಟೆನೆನ್ಸ್‌ನವರಿಗೆ ಬೀಗ ಕೊಡುವ ಕಂಪನಿಗಳು ಗುತ್ತಿಗೆಯ ಹೆಲ್ಪರ್‌ಗೆ ಕೊಡುವುದಿಲ್ಲ. ಅದರ ಬೆಲೆ ಕೆಲವೇ ನೂರು ರೂಪಾಯಿ. ದಿನಕ್ಕೆ ಹೆಚ್ಚು ಸಲ ಒಳಗೆ ಹೋಗುವವರೇ ಅವರು, ಚೂರು ಗುಡಿಸಲು, ಬಿದ್ದ ಭಾಗ ಹೆಕ್ಕಲು. ಒಂದು ಕಡೆ ಕಸ ಗುಡಿಸುವ ಅಮ್ಮ ಹಿಂದಿನ ಸಾಲಿನಿಂದ ಎದ್ದು ಕೇಳಿದರು: "ನಾನು ಒಳಗೆ ಬಗ್ಗಿದ್ದಾಗ ಪಾಳಿ ಬದಲಾಗಿ, ಹೊಸಬರು ಬಂದು ರೀಸೆಟ್ ಒತ್ತಿದರೆ?" ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಸೆಲ್‌ನಲ್ಲಿ ರೀಸೆಟ್ ಬಟನ್ ಇದ್ದ ಜಾಗದಿಂದ ಫಿಕ್ಸ್ಚರ್‌ನ ಹಿಂಬದಿ ಕಾಣುತ್ತಲೇ ಇರಲಿಲ್ಲ. ಬಟನ್ ಜಾಗ ಬದಲಾಯಿಸಿದರು. ಅಮ್ಮನಿಗೆ ಬೀಗ ಕೊಡಿಸಲು ಮಾತ್ರ ನಾನು ಇನ್ನೂ ಎರಡು ಸಲ ಪತ್ರ ಬರೆಯಬೇಕಾಯಿತು.

ಬೇಲಿಯ ಬಾಗಿಲು ತೆರೆದರೆ ರೋಬೋಟನ್ನು ನಿಲ್ಲಿಸುವ ಇಂಟರ್‌ಲಾಕ್‌ಗೆ ಬದಲಿ ಕೀಲಿ ಸಿಕ್ಕಿಸಿ, ಬಾಗಿಲು ಮುಚ್ಚಿದೆ ಎಂದು ಯಂತ್ರವನ್ನು ನಂಬಿಸಿರುವುದು ಕಂಡಾಗ ನಾನು ಕೂಗಾಡುವುದಿಲ್ಲ. ಪಾಳಿಗೆ ಎಷ್ಟು ಸಲ ಒಳಗೆ ಹೋಗುತ್ತೀರಿ ಎಂದು ಕೇಳುತ್ತೇನೆ. ಇಪ್ಪತ್ತು ಎಂದರೆ ತಪ್ಪು ಗ್ರಿಪ್ಪರ್‌ನದ್ದೋ ಫಿಕ್ಸ್ಚರ್‌ನದ್ದೋ ಆಗಿರುವ ಸಂಭವವೇ ಹೆಚ್ಚು. ಭಾಗ ಬೀಳುವುದನ್ನು ನಿಲ್ಲಿಸದೆ ಬದಲಿ ಕೀಲಿಯನ್ನು ಕಿತ್ತುಕೊಂಡರೆ ನಾಳೆ ಇನ್ನೊಂದು ಬರುತ್ತದೆ.

ಇಷ್ಟು ಬರೆದದ್ದನ್ನು ಕಾರ್ಯವಿಧಾನವೆಂದು ಗೋಡೆಗೆ ಅಂಟಿಸಬೇಡಿ. ಪ್ರತಿ ಸೆಲ್‌ನ ಅಪಾಯ ಬೇರೆ. ತಯಾರಕರ ಕೈಪಿಡಿ ಮತ್ತು ನಿಮ್ಮ ಸುರಕ್ಷಾ ಅಧಿಕಾರಿ ಬರೆದುಕೊಟ್ಟ ಕ್ರಮವೇ ಅಂತಿಮ. ತರಬೇತಿಗೆ ಕರೆಯುವವರು ಸಭಾಂಗಣ ಕಾಯ್ದಿರಿಸುವುದು ಬೇಡ, ಓಡುತ್ತಿರುವ ಒಂದು ಸೆಲ್ ಬಿಟ್ಟುಕೊಡಿ. ರಾತ್ರಿ ಪಾಳಿಯವರನ್ನೂ ಗುಡಿಸುವವರನ್ನೂ ಕರೆಸಿ. ಅರ್ಧ ಪಾಳಿಯ ಉತ್ಪಾದನೆ ಹೋಗುತ್ತದೆ, ಅದನ್ನು ತಿಂಗಳ ಲೆಕ್ಕದಲ್ಲಿ ಮೊದಲೇ ಹಿಡಿದಿಡಿ. ಸೋರೆಕಾಯಿ ನಾನೇ ತರುತ್ತೇನೆ.