ಹೆಸರಿಗೆ ಒಂದು ರೀಜನ್, ಅಧಿಕಾರ ಎಲ್ಲಾ ಎರಡು ಪ್ರಾಂತ್ಯಗಳ ಕೈಲಿ: ದಕ್ಷಿಣ ಟಿರೋಲ್ ಇಲ್ಲಿಗೆ ಬಂದಿದ್ದು ಹೇಗೆ

ಇಟಲಿ ಮ್ಯಾಪ್ ತೆಗೆದು ನೋಡಿದ್ರೆ ಮೇಲ್ಗಡೆ ಆಸ್ಟ್ರಿಯಾ ಬಾರ್ಡರ್‌ಗೆ ಅಂಟ್ಕೊಂಡು ಟ್ರೆಂಟಿನೋ-ಆಲ್ಟೋ ಆದಿಜೆ ಅಂತ ಒಂದು ರೀಜನ್ ಇದೆ, ದೇಶದ 20 ರೀಜನ್‌ಗಳಲ್ಲಿ ವಿಶೇಷ ಸ್ಥಾನಮಾನ ಇರೋ ಐದರಲ್ಲಿ ಇದೂ ಒಂದು. ಆದ್ರೆ ಒಳಗೆ ಹೋಗಿ ನೋಡಿದ್ರೆ ರೀಜನ್ ಕೈಲಿ ಹೆಚ್ಚೇನೂ ಉಳಿದಿಲ್ಲ. ಸ್ಕೂಲು, ಆಸ್ಪತ್ರೆ, ರಸ್ತೆ, ವಸತಿ ಎಲ್ಲಾ ಟ್ರೆಂಟೋ (ಅಂದ್ರೆ ಟ್ರೆಂಟಿನೋ) ಮತ್ತೆ ಬೋಲ್ಜಾನೊ (ಇದೇ ದಕ್ಷಿಣ ಟಿರೋಲ್) ಅನ್ನೋ ಎರಡು ಪ್ರಾಂತ್ಯಗಳೇ ನೋಡ್ಕೊಳ್ತವೆ, ಅಲ್ಲಿ ವಸೂಲಾಗೋ ತೆರಿಗೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಅವುಗಳ ಹತ್ರಾನೇ ಉಳಿಯುತ್ತೆ. ರೀಜನಲ್ ಕೌನ್ಸಿಲ್ ಅಂದ್ರೆ ಎರಡೂ ಪ್ರಾಂತ್ಯದ ತಲಾ 35 ಸದಸ್ಯರು ಒಟ್ಟಿಗೆ ಕೂತ್ಕೊಳ್ಳೋದು, ಅಷ್ಟೇ. ಅದೂ ಅರ್ಧ ಅವಧಿ ಟ್ರೆಂಟೋದಲ್ಲಿ, ಇನ್ನರ್ಧ ಬೋಲ್ಜಾನೊದಲ್ಲಿ. ಯಾಕೆ ಹೀಗಾಯ್ತು ಅಂತ ತಿಳೀಬೇಕಂದ್ರೆ ನೂರು ವರ್ಷ ಹಿಂದಕ್ಕೆ ಹೋಗ್ಬೇಕು.

ಮೊದಲ ಮಹಾಯುದ್ಧದ ತನಕ ಇದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಟಿರೋಲ್‌ನ ಭಾಗ. 1915ರಲ್ಲಿ ಲಂಡನ್‌ನಲ್ಲಿ ಆದ ಗುಟ್ಟಿನ ಒಪ್ಪಂದದಲ್ಲಿ, ನೀವು ನಮ್ಮ ಕಡೆಯಿಂದ ಯುದ್ಧಕ್ಕೆ ಇಳಿದ್ರೆ ಬ್ರೆನ್ನರ್ ಕಣಿವೆ ತನಕ ನಿಮಗೇ ಅಂತ ಇಟಲಿಗೆ ಮಾತು ಕೊಟ್ಟಿದ್ರು, ಯುದ್ಧ ಮುಗಿದ ಮೇಲೆ 1919ರ ಸಾಂ-ಜೆರ್ಮ್ಯಾಂ ಒಪ್ಪಂದದಲ್ಲಿ ಕೊಟ್ಟೂಬಿಟ್ರು. ಕೆಳಗಿನ ಟ್ರೆಂಟಿನೋದಲ್ಲಿ ಇಟಾಲಿಯನ್ ಮಾತಾಡೋರೇ ಇದ್ರು, ಅಲ್ಲಿ ಅಷ್ಟು ತೊಂದ್ರೆ ಆಗ್ಲಿಲ್ಲ. ಆದ್ರೆ ಮೇಲಿನ ದಕ್ಷಿಣ ಟಿರೋಲ್‌ನಲ್ಲಿ 1910ರ ಜನಗಣತಿ ಪ್ರಕಾರ ಇಟಾಲಿಯನ್ನರು ನೂರಕ್ಕೆ ಮೂರು ಜನಾನೂ ಇರ್ಲಿಲ್ಲ. ಉಳಿದವರೆಲ್ಲ ಜರ್ಮನ್ ಮಾತಾಡೋರು, ಒಂದಿಷ್ಟು ಕಣಿವೆಗಳಲ್ಲಿ ಲಾದಿನ್ ಅನ್ನೋ ಹಳೇ ಭಾಷೆಯವರು.

ಆಮೇಲೆ ಫ್ಯಾಸಿಸ್ಟರು ಬಂದ್ರು. ಎತ್ತೊರೆ ತೊಲೊಮೆಯಿ ಅನ್ನೋ ಇಟಾಲಿಯನ್ ರಾಷ್ಟ್ರವಾದಿ ಕೂತು ಊರು, ಬೆಟ್ಟ, ಹೊಳೆ ಎಲ್ಲದಕ್ಕೂ ಇಟಾಲಿಯನ್ ಹೆಸರು ಹುಡುಕಿಟ್ಟಿದ್ರು, ಅವೇ ಅಧಿಕೃತ ಆದ್ವು. 1923ರಿಂದ ಟಿರೋಲ್ ಅನ್ನೋ ಹೆಸರನ್ನೇ ಬಳಸಂಗಿಲ್ಲ, ಜರ್ಮನ್ ಶಾಲೆಗಳು ಬಂದ್. ಗೋರಿಕಲ್ಲಿನ ಮೇಲೆ ಜರ್ಮನ್‌ನಲ್ಲಿ ಕೆತ್ತಿಸೋ ಹಾಗೂ ಇಲ್ಲ ಅಂದ್ರು, ತೀರಿಹೋದ ಅಪ್ಪ ಅಮ್ಮನ ಹೆಸರಿನ ಕೆಳಗೆ ನಾಲ್ಕು ಸಾಲನ್ನ ಅವರ ಭಾಷೆಯಲ್ಲಿ ಬರೆಸೋಕೂ ಬಿಡ್ಲಿಲ್ಲ ಅಂದ್ರೆ ಯೋಚ್ನೆ ಮಾಡಿ. ಮಿಖಾಯೆಲ್ ಗಾಂಪರ್ ಅನ್ನೋ ಪಾದ್ರಿಯ ಮುಂದಾಳತ್ವದಲ್ಲಿ ಮನೆಗಳಲ್ಲಿ, ಹಟ್ಟಿ ಅಟ್ಟಗಳಲ್ಲಿ ಕದ್ದುಮುಚ್ಚಿ ಜರ್ಮನ್ ಪಾಠ ಶುರುವಾಯ್ತು. ಹೇಳಿಕೊಡ್ತಿದ್ದವರು ಬಹುಪಾಲು ಚಿಕ್ಕ ವಯಸ್ಸಿನ ಹೆಣ್ಮಕ್ಕಳು, ಸಿಕ್ಕಿಬಿದ್ರೆ ಜೈಲು.

1939ರಲ್ಲಿ ಹಿಟ್ಲರ್ ಮುಸೊಲಿನಿ ಸೇರ್ಕೊಂಡು ಈ ಜನರ ಮುಂದೆ ಒಂದು ಪ್ರಶ್ನೆ ಇಟ್ರು, ಜರ್ಮನಿಗೆ ಹೋಗ್ತೀರಾ ಇಲ್ಲಾ ಇಲ್ಲೇ ಇದ್ದು ಇಟಾಲಿಯನ್ನರಾಗ್ತೀರಾ. ಒಂದೋ ಊರು ಬಿಡ್ಬೇಕು, ಇಲ್ಲಾ ಭಾಷೆ ಬಿಡ್ಬೇಕು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹೋಗ್ತೀವಿ ಅಂತ ಬರೆದುಕೊಟ್ರು, ನಿಜವಾಗ್ಲೂ ಹೊರಟವರು ಸುಮಾರು 75,000. ಹೊರಡ್ತೀನಿ ಅಂದವರಿಗೂ ಉಳೀತೀನಿ ಅಂದವರಿಗೂ ಒಂದೇ ಮನೆಯೊಳಗೆ ಮಾತು ಬಿಟ್ಟುಹೋಯ್ತು.

ಯುದ್ಧ ಮುಗಿದ ಮೇಲೆ, 1946ರ ಸೆಪ್ಟೆಂಬರ್ 5ಕ್ಕೆ ಪ್ಯಾರಿಸ್‌ನಲ್ಲಿ ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಕಾರ್ಲ್ ಗ್ರೂಬರ್ ಮತ್ತೆ ಇಟಲಿಯ ಪ್ರಧಾನಿ ಆಲ್ಚೀದೆ ದೆ ಗಾಸ್ಪೆರಿ ಸಹಿ ಹಾಕಿ, ಜರ್ಮನ್ ಮಾತಾಡೋರಿಗೆ ಸ್ವಾಯತ್ತತೆ ಕೊಡ್ತೀವಿ ಅಂತ ಒಪ್ಕೊಂಡ್ರು. ದೆ ಗಾಸ್ಪೆರಿ ಸ್ವತಃ ಟ್ರೆಂಟಿನೋದವರು, ಹಿಂದೆ ವಿಯೆನ್ನಾ ಪಾರ್ಲಿಮೆಂಟಲ್ಲಿ ಕೂತಿದ್ದವರು. ನನ್ನ ಪ್ರಕಾರ ಮುಂದಿನ 25 ವರ್ಷದ ಗಲಾಟೆಗೆಲ್ಲ ಮೂಲ ಇದಾದ ಮೇಲೆ ಬಂದ 1948ರ ಕಾನೂನು. ಅದು ಬೋಲ್ಜಾನೊವನ್ನ ಟ್ರೆಂಟೋ ಜೊತೆ ಸೇರಿಸಿ ಒಂದೇ ರೀಜನ್ ಮಾಡ್ತು, ಒಟ್ಟು ಲೆಕ್ಕದಲ್ಲಿ ಬಹುಮತ ಇಟಾಲಿಯನ್ನರದ್ದು, ಹಾಗಾಗಿ ಯಾರಿಗೆ ಅಂತ ಸ್ವಾಯತ್ತತೆ ಕೊಟ್ರೋ ಅವರೇ ಅದರಲ್ಲಿ ಅಲ್ಪಸಂಖ್ಯಾತರಾದ್ರು. ರೀಜನ್ 'ಸಾಮಾನ್ಯವಾಗಿ' ತನ್ನ ಆಡಳಿತದ ಕೆಲಸಗಳನ್ನ ಪ್ರಾಂತ್ಯಗಳಿಗೆ ವಹಿಸ್ಬೇಕು ಅಂತ 14ನೇ ವಿಧಿ ಹೇಳ್ತಿತ್ತು, ಆ 'ಸಾಮಾನ್ಯವಾಗಿ' ಕಾಗದದಲ್ಲೇ ಉಳೀತು.

ಇತ್ತ ಮುಸೊಲಿನಿ ಕಾಲದಲ್ಲಿ ಬೋಲ್ಜಾನೊದಲ್ಲಿ ಎಬ್ಬಿಸಿದ ಫ್ಯಾಕ್ಟರಿಗಳಿಗೆ ಅಂತ ಶುರುವಾದ ಇಟಾಲಿಯನ್ನರ ವಲಸೆ ನಿಂತಿರ್ಲಿಲ್ಲ. 1957ರಲ್ಲಿ ರೋಮ್ ಸರ್ಕಾರ ಬೋಲ್ಜಾನೊದಲ್ಲಿ 5,000 ಮನೆ ಕಟ್ತೀವಿ ಅಂದಾಗ ಜರ್ಮನ್ ಮಾತಾಡೋರಿಗೆ ಅನ್ನಿಸಿದ್ದು ಒಂದೇ, ನಮ್ಮೂರಲ್ಲಿ ನಾವು ಮುಳುಗಿಹೋಗ್ತೀವಿ. ಆ ವರ್ಷ ನವೆಂಬರ್ 17ಕ್ಕೆ ಸಿಗ್ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಸುಮಾರು 35,000 ಜನ ಸೇರಿದ್ರು. ಜರ್ಮನ್ ಮಾತಾಡೋರ ಪಕ್ಷ ಎಸ್‌ವಿಪಿಯ (ದಕ್ಷಿಣ ಟಿರೋಲ್ ಜನತಾ ಪಕ್ಷ) ನಾಯಕ ಸಿಲ್ವಿಯುಸ್ ಮಾಗ್ನಾಗೊ ಮಾತಾಡೋಕೆ ಎದ್ದು ನಿಂತ್ರು, ಯುದ್ಧದಲ್ಲಿ ಒಂದು ಕಾಲು ಕಳ್ಕೊಂಡಿದ್ದ, ಊರುಗೋಲಿನ ಮೇಲೆ ನಿಂತ ಸಣಕಲು ಮನುಷ್ಯ. 'ಲೋಸ್ ಫೊನ್ ಟ್ರಿಯೆಂಟ್' ಅಂದ್ರು, ಟ್ರೆಂಟೋ ಸಹವಾಸ ಸಾಕು, ನಮಗೆ ನಮ್ಮದೇ ಸ್ವಾಯತ್ತತೆ ಕೊಡಿ ಅಂತ. ಗಮನಿಸ್ಬೇಕಾದ್ದು, ಅವರು ಇಟಲಿ ಬಿಟ್ಟುಹೋಗ್ತೀವಿ ಅನ್ಲಿಲ್ಲ.

ಆದ್ರೆ ಕಾಯೋಕೆ ತಯಾರಿಲ್ಲದೇ ಇದ್ದವರೂ ಇದ್ರು. 1961ರ ಜೂನ್ 11ರ ರಾತ್ರಿ ಒಂದೇ ಸಲಕ್ಕೆ ಮೂವತ್ತಕ್ಕೂ ಹೆಚ್ಚು ಕರೆಂಟ್ ಟವರ್‌ಗಳಿಗೆ ಬಾಂಬ್ ಇಟ್ರು, ಜನ ಅದನ್ನ ಬೆಂಕಿರಾತ್ರಿ ಅಂತಾನೇ ಕರೀತಾರೆ. ಮಾರನೇ ದಿನ ಸಿಡಿಯದೇ ಉಳಿದಿದ್ದ ಒಂದು ಬಾಂಬ್‌ಗೆ ರಸ್ತೆ ಕೆಲಸದವರೊಬ್ರು ಬಲಿಯಾದ್ರು, ಅರೆಸ್ಟ್ ಆದವರು ನಮ್ಮನ್ನ ಹಿಂಸೆ ಕೊಟ್ಟು ಹೊಡೆದ್ರು ಅಂದ್ರು, ಇಬ್ಬರು ಸೆರೆಯಲ್ಲೇ ಸತ್ರು. ಅಷ್ಟರಲ್ಲಿ ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಬ್ರೂನೊ ಕ್ರೈಸ್ಕಿ 1960ರಲ್ಲೇ ವಿಷಯಾನ ವಿಶ್ವಸಂಸ್ಥೆಗೆ ಒಯ್ದಿದ್ರು. ರೋಮ್ 19 ಜನರ ಸಮಿತಿ ಮಾಡ್ತು, ವರ್ಷಗಟ್ಟಲೆ ಮಾತುಕತೆ ನಡೆದು 137 ಅಂಶಗಳ 'ಪ್ಯಾಕೇಜ್' ತಯಾರಾಯ್ತು. 1969ರ ನವೆಂಬರ್‌ನಲ್ಲಿ ಮೆರಾನ್‌ನಲ್ಲಿ ಮಾಗ್ನಾಗೊ ಅವರ ಎಸ್‌ವಿಪಿ ಪಕ್ಷ ರಾತ್ರಿಯೆಲ್ಲ ಜಗಳಾಡಿ ಕೂದಲೆಳೆ ಬಹುಮತದಲ್ಲಿ ಅದನ್ನ ಒಪ್ಕೊಳ್ತು. 1972ರಲ್ಲಿ ಹೊಸ ಕಾನೂನು ಬಂತು, ರೀಜನ್ ಕೈಲಿದ್ದ ಅಧಿಕಾರ ಪ್ರಾಂತ್ಯಗಳಿಗೆ ಇಳೀತು. ಎಲ್ಲಾ ಜಾರಿ ಆಯ್ತು, ತಕರಾರು ಮುಗೀತು ಅಂತ ಆಸ್ಟ್ರಿಯಾ ವಿಶ್ವಸಂಸ್ಥೆಗೆ ಹೇಳಿದ್ದು 1992ರಲ್ಲಿ.

ಈ ವ್ಯವಸ್ಥೆ ದಿನನಿತ್ಯ ಹೆಂಗೆ ನಡೆಯುತ್ತೆ ಅಂದ್ರೆ, ಸರ್ಕಾರಿ ಕೆಲಸ ಭಾಷಾ ಗುಂಪುಗಳ ಜನಸಂಖ್ಯೆಗೆ ತಕ್ಕಂತೆ ಹಂಚಿಕೆ. 2011ರ ಲೆಕ್ಕದಲ್ಲಿ ಜರ್ಮನ್ 69.4, ಇಟಾಲಿಯನ್ 26.1, ಲಾದಿನ್ 4.5 ಪರ್ಸೆಂಟ್. ಕೆಲಸ ಬೇಕಂದ್ರೆ ಎರಡೂ ಭಾಷೆಯ ಪರೀಕ್ಷೆ ಪಾಸಾಗ್ಬೇಕು, ಜೊತೆಗೆ ತಾನು ಯಾವ ಗುಂಪಿನವನು ಅಂತ ಘೋಷಣೆ ಬರೆದು, ಲಕೋಟೆ ಅಂಟಿಸಿ ಕೋರ್ಟಿಗೆ ಕೊಟ್ಟಿರ್ಬೇಕು. ಶಾಲೆಗಳೂ ಬೇರೆಬೇರೆ, ಜರ್ಮನ್ ಶಾಲೆ ಇಟಾಲಿಯನ್ ಶಾಲೆ ಅಂತ.

ಇದರಿಂದ ಭಾಷೆ ಉಳೀತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಪ್ಪ ಜರ್ಮನ್ ಅಮ್ಮ ಇಟಾಲಿಯನ್ ಆಗಿರೋ ಮಗು ಆ ಲಕೋಟೆಯೊಳಗೆ ಏನು ಬರೀಬೇಕು ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲಿವರೆಗೂ ಸಿಕ್ಕಿಲ್ಲ ಅಂತಾನೇ ನನ್ನ ಭಾವನೆ. ಗ್ರೀನ್ ಪಕ್ಷದ ಅಲೆಕ್ಸಾಂಡರ್ ಲಾಂಗರ್ ಇದನ್ನ ವಿರೋಧಿಸಿ ಘೋಷಣೆ ಕೊಡೋಕೇ ಒಪ್ಲಿಲ್ಲ, ಅದೇ ಕಾರಣಕ್ಕೆ 1995ರಲ್ಲಿ ಬೋಲ್ಜಾನೊ ಮೇಯರ್ ಚುನಾವಣೆಗೆ ನಿಲ್ಲೋಕೆ ಅವರಿಗೆ ಅವಕಾಶಾನೇ ಸಿಗ್ಲಿಲ್ಲ. ಇಟಾಲಿಯನ್ನರ ಕಡೆ ಸಿಟ್ಟು ಬೇರೆ ಥರ ಹೊರಬಂತು, 1985ರ ನಗರ ಚುನಾವಣೆಯಲ್ಲಿ ಬೋಲ್ಜಾನೊದಲ್ಲಿ ಅತಿ ಹೆಚ್ಚು ವೋಟು ತಗೊಂಡಿದ್ದು ಫ್ಯಾಸಿಸ್ಟ್ ಪರಂಪರೆಯ ಎಂಎಸ್‌ಐ ಪಕ್ಷ.

ಇಷ್ಟು ಹಿನ್ನೆಲೆ ಗೊತ್ತಿದ್ರೆ ಬೋಲ್ಜಾನೊ ಪ್ರಾಂತ್ಯದ ಈಗಿನ ಸರ್ಕಾರದ ಸುದ್ದಿ ಯಾಕೆ ಅಷ್ಟು ಚುಚ್ಚಿತು ಅನ್ನೋದು ಅರ್ಥ ಆಗುತ್ತೆ. 1948ರಿಂದ ಒಂದೇ ಸಮನೆ ಪ್ರಾಂತ್ಯ ಆಳ್ತಿರೋ ಎಸ್‌ವಿಪಿಗೆ 2023ರಲ್ಲಿ 35ರಲ್ಲಿ ಬರೀ 13 ಸೀಟು ಬಂತು, ಸರ್ಕಾರದಲ್ಲಿ ಇಟಾಲಿಯನ್ ಗುಂಪಿನವರೂ ಇರ್ಲೇಬೇಕು ಅಂತ ಕಾನೂನಿದೆ, ಹಾಗಾಗಿ ಎಸ್‌ವಿಪಿಯ ಆರ್ನೊ ಕೊಂಪಾಚರ್ 2024ರಲ್ಲಿ ಪ್ರಾಂತ್ಯದ ಸರ್ಕಾರ ಮಾಡುವಾಗ ಲೇಗಾ ಮತ್ತೆ ಬೇರೆ ಸಣ್ಣ ಪಕ್ಷಗಳ ಜೊತೆಗೆ ಜೋರ್ಜಾ ಮೆಲೋನಿಯ ಫ್ರಾತೆಲ್ಲಿ ದಿತಾಲಿಯಾನೂ ಸೇರಿಸ್ಕೊಂಡ್ರು. ಆ ಪಕ್ಷದ ಚಿಹ್ನೆಯಲ್ಲಿ ಈಗ್ಲೂ ಉರೀತಿರೋದು ಅದೇ ಎಂಎಸ್‌ಐನ ಮೂರು ಬಣ್ಣದ ಜ್ವಾಲೆ.